ಗಜೇಂದ್ರಗಡದಲ್ಲಿ ಒರೆ ಹೊಲಿದುದು

ಗದಗಿನಿಂದ ಈಶಾನ್ಯ ದಿಕ್ಕಿಗೆ ಸುಮಾರು ೫೫ ಕಿಲೋಮೀಟರು ದೂರದಲ್ಲಿರುವ ಗಜೇಂದ್ರಗಡಕ್ಕೆ ರೈಲಿನ ಸೌಕರ್ಯವಿಲ್ಲ. ಗದಗಿನಲ್ಲಿಳಿದು ನರೇಗಲ್ಲಿನ ಮೇಲಿಂದ ಹೋಗುವ ಬಸ್ಸನ್ನು ಹತ್ತಬೇಕು. ದಾರಿಯ ಇಕ್ಕೆಲಗಳಲ್ಲಿಯೂ ಎರೆಯ ಭೂಮಿ. ಹಿಂಗಾರಿನ ಕಾಲದಲ್ಲಾದರೆ ಜೋಳ, ಕಡಲೆ, ಕುಸುಬೆಗಳ ಪೈರು ಕಣ್ಣು ಹರಿಯುವವರೆಗೂ ಹಬ್ಬಿರುತ್ತದೆ. ಈ ಬಯಲಿನ ಕೊನೆಯಲ್ಲಿ ಗುಡ್ಡಗಳ ಸಾಲೊಂದು ಅಡ್ಡವಾಗಿ ಎದ್ದು ನಿಂತಿದೆ. ಗುಡ್ಡಗಳ ನೆತ್ತಿಯಲ್ಲಿ ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಯಂತ್ರಗಳ ದೊಡ್ಡ ರೆಕ್ಕೆಗಳು ತಿರುಗುತ್ತಿರುವುದು ಬಹು ದೂರದಿಂದಲೇ ಕಾಣುವುದು. ಅವುಗಳ ಬುಡದಲ್ಲಿ ಊರು. ಈ ಊರಿಗೆ ನನ್ನ ಮಗಳನ್ನು ಕೊಟ್ಟಿರುವುದರಿಂದ ವರ್ಷಕ್ಕೆ ಒಂದೆರಡು ಸಲವಾದರೂ ನಾನು ಇಲ್ಲಿಗೆ ಬರುತ್ತಿರುತ್ತೇನೆ.

ಗಜೇಂದ್ರಗಡವು ಮೊದಲು ರೋಣ ತಾಲೂಕಿನಲ್ಲಿದ್ದಿತು. ಈಗ ತಾನೇ ಒಂದು ತಾಲೂಕಿನ ಮುಖ್ಯ ಸ್ಥಳವಾಗಿದೆ. ಗುಡ್ಡದ ಮೇಲಿನ ಕೋಟೆಯು ಘೋರ್ಪಡೆ ಮನೆತನದವರ ದಿನಗಳನ್ನು ನೆನಪಿಗೆ ತರುತ್ತದೆ. ಊರೊಳಗಿನ ನೇಕಾರರ ಓಣಿಗಳಲ್ಲಿ ಮಗ್ಗದ ಸಪ್ಪಳವು ಕಿವಿಗೆ ಬೀಳುತ್ತದೆ. ಗುಡ್ಡದ ಮಗ್ಗುಲಲ್ಲಿ ಬಂಡೆಗೆ ಹೊಂದಿಕೊಂಡು ಕಾಲಕಾಲೇಶ್ವರನ ಗುಡಿಯಿದೆ. ಮೆಟ್ಟಿಲುಗಳನ್ನು ಹತ್ತಿ ಹೋದರೆ, ಮರದ ಬೇರುಗಳ ನಡುವಿನಿಂದ ಜಿನುಗಿ ಬರುವ ನೀರು ಚಿಕ್ಕದೊಂದು ಹೊಂಡದೊಳಗೆ ಬೀಳುತ್ತಿರುವುದನ್ನು ಕಾಣಬಹುದು. ಬೇಸಗೆಯಲ್ಲಿಯೂ ಬತ್ತದ ಈ ನೀರಿಗೆ ಅಂತರಗಂಗೆಯೆಂದು ಹೆಸರು. ಯಾತ್ರಿಕನಿಗೆ ಇಷ್ಟು ಸಾಕು. ಚರಿತ್ರೆಯನ್ನೋದಿದವರಿಗೆ ಮಾತ್ರ ಈ ಊರಿನ ಹೆಸರು ಇನ್ನೊಂದು ಕಾರಣದಿಂದ ಪರಿಚಿತವಾಗಿದೆ. ಮರಾಠರಿಗೂ ಮೈಸೂರಿನ ಟಿಪ್ಪೂ ಸುಲ್ತಾನನಿಗೂ ೧೭೮೭ರಲ್ಲಿ ಆದ ಒಪ್ಪಂದಕ್ಕೆ ಗಜೇಂದ್ರಗಡದ ಒಪ್ಪಂದವೆಂದೇ ಹೆಸರು. ಅದರಿಂದ ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರ ಕೈಗೆ ಬಂದುವು. ಶಾಲೆಯಲ್ಲಿ ಈ ಪಾಠವನ್ನು ಹೇಳುವಾಗಲೆಲ್ಲ ನಾನು, "ಹೀಗೆ ಕತ್ತಿಗಳು ಒರೆ ಸೇರಿದುವು" ಎಂದು ಮುಗಿಸುತ್ತಿದ್ದೆನು. ೧೭೯೦ರಲ್ಲಿ ಅವು ಮತ್ತೆ ಹೊರಬಿದ್ದುವೆಂಬುದು ಮುಂದಿನ ಪಾಠ. ಆದರೆ ಒರೆಯೆಂದರೇನು, ಅದನ್ನು ಯಾರು ಮಾಡುವರು, ಹೇಗೆ ಮಾಡುವರು ಎಂದು ಹುಡುಗರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಯೋಚಿಸಬೇಕಾದ ಪ್ರಸಂಗವು ನನ್ನ ತಪ್ಪಿನಿಂದಲೇ ಒದಗಿತು. ಹಿಂದಿನ ಸಲ ಬಂದಾಗ ಇಲ್ಲಿಯ ಕಮ್ಮಾರನೊಬ್ಬನ ಕುಲುಮೆಯಲ್ಲಿ ಗಿಡಗಂಟಿ ಸವರುವುದಕ್ಕೆಂದು ಒಂದು ಚೂರಿಯನ್ನು ಮಾಡಿಸಿದ್ದೆನು. ಹಳೆಯ ಲಾರಿಯ ಕಮಾನಿನ ಪಟ್ಟಿಯನ್ನು ಕಾಸಿ, ಬಡಿದು, ನೀರು ಕುಡಿಸಿ ಮಾಡಿದ ಆರು ಅಂಗುಲದ ಅಲಗು. ಜಾಲಿಯ ಮರದ ಹಿಡಿ. ಅದನ್ನು ಹಾಗೆಯೇ ಅರಿವೆಯ ಚೀಲದಲ್ಲಿಟ್ಟು ತಂದು, ಚೀಲವನ್ನು ಮಗಳ ಮನೆಯ ಪಡಸಾಲೆಯ ಮೂಲೆಯಲ್ಲಿ ಒರಗಿಸಿದ್ದೆನು. ಏಳು ವರುಷದ ಮೊಮ್ಮಗನು ಅಜ್ಜನು ತಿಂಡಿ ತಂದಿರಬೇಕೆಂದು ಚೀಲದೊಳಗೆ ಕೈಯಿಕ್ಕಿದನು. ಅಂಗೈಗೆ ಮೂರು ಹೊಲಿಗೆ ಬಿದ್ದುವು. ಯಾರೂ ನನಗೆ ಏನೂ ಅನ್ನಲಿಲ್ಲ. ಅನ್ನದೆ ಇದ್ದುದೇ ನನಗೆ ಹೆಚ್ಚು ನೋವನ್ನುಂಟುಮಾಡಿತು.

ಮರುದಿನವೇ ಕಮ್ಮಾರನಲ್ಲಿಗೆ ಹೋಗಿ, ಇದಕ್ಕೊಂದು ಒರೆ ಬೇಕೆಂದೆನು. ಅವನು ಇಕ್ಕುಳವನ್ನು ಕೆಳಗಿಡದೆಯೇ, "ಅಲಗು ನಂದ್ರಿ, ತೊಗಲು ನಂದಲ್ಲ. ಸಮಗಾರರ ಕಡೆ ಹೋಗ್ರಿ" ಎಂದು ದಾರಿ ತೋರಿಸಿದನು.

ಊರ ಅಂಚಿನ ಒಂದು ಚಿಕ್ಕ ಮನೆ. ಮುಂದೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಗೋಣಿತಟ್ಟನ್ನು ಹಾಸಿಕೊಂಡು, ಚಪ್ಪಟೆಯಾದ ಕಲ್ಲೊಂದನ್ನು ಮುಂದಿಟ್ಟುಕೊಂಡು ಒಬ್ಬ ಮುದುಕರು ಕುಳಿತಿದ್ದರು. ನನಗಿಂತ ಹತ್ತು ವರುಷವಾದರೂ ಹಿರಿಯರು. ಇಲ್ಲಿ "ಕುಳಿತಿದ್ದರು" ಎಂದು ಬರೆಯುತ್ತಿದ್ದೇನಷ್ಟೆ. ಅಂದು ನನ್ನ ಬಾಯಿಂದ ಬಂದ ಮಾತು ಬೇರೆ. "ಏನಪಾ, ಇದಕ್ಕೊಂದು ಒರಿ ಮಾಡಿಕೊಡ್ತೀಯೇನು?" ಎಂದೆನು. ಅವರು ನನ್ನ ಕನ್ನಡಕವನ್ನೂ ಬಗಲಲ್ಲಿದ್ದ ಛತ್ರಿಯನ್ನೂ ನೋಡಿ ನನ್ನ ವೃತ್ತಿಯನ್ನು ಊಹಿಸಿರಬೇಕು. "ಬರ್ರಿ ಮಾಸ್ತರ್ರ. ಚೂರಿಗೆ ಅಂಗಿ ಹೊಲೀಬೇಕಂದ್ರ ಮೊದಲ ಮೈ ಅಳತಿ ಬೇಕು. ಬಿಚ್ಚಿ ತೋರಸ್ರಿ" ಎಂದರು. ಚೂರಿಯನ್ನು ತಿರುವಿ ನೋಡಿ, ಉಗುರಿನಿಂದ ಅಲಗಿನ ಬಾಯಿಯನ್ನು ಪರೀಕ್ಷಿಸಿ, ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ಅದು ನಡುಗುತ್ತಿದ್ದಿತು. "ಹೇಳಾಕ ಬರತೈತ್ರಿ, ಕೊಯ್ಯಾಕ ಬರೂದಿಲ್ಲ. ರಂಪಿಗಿ ಹಿಡದ್ರ ಗೆರಿ ತಪ್ಪತೈತಿ. ಮಕ್ಕಳು ಈ ಕೆಲಸ ಬಿಟ್ಟು ಭಾಳ ದಿನ ಆತು. ನೀವ ಮಾಡ್ರಿ, ನಾ ಹೇಳತೇನಿ."

ಹೀಗೆ, ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಅನ್ಯರಿಗೆ ಪಾಠ ಹೇಳಿದ ನಾನು ಗೋಣಿತಟ್ಟಿನ ಮೇಲೆ ವಿದ್ಯಾರ್ಥಿಯಾಗಿ ಕುಳಿತೆನು.

ಮೊದಲನೆಯ ದಿನವೆಲ್ಲ ಕಾಗದದಲ್ಲಿಯೇ ಕಳೆಯಿತು. ಹಳೆಯ ಪಂಚಾಂಗದ ರಟ್ಟನ್ನು ನಡುವೆ ಮಡಿಸಿ, ಮಡಿಕೆಗೆ ಚೂರಿಯ ಬೆನ್ನನ್ನು ತಾಗಿಸಿಟ್ಟು, ಸುತ್ತಲೂ ಗೆರೆಯೆಳೆದು, ಬಾಯಿಯ ಕಡೆಗೆ ಅರ್ಧ ಅಂಗುಲದಷ್ಟು ಜಾಗವನ್ನು ಹೊಲಿಗೆಗಾಗಿ ಬಿಡಬೇಕು. ಹಿಡಿಯ ಮೂರನೆಯ ಒಂದು ಪಾಲಾದರೂ ಒರೆಯೊಳಗೆ ಇಳಿಯುವಂತಿರಬೇಕು. ಇಲ್ಲವಾದರೆ ಬಗ್ಗಿದಾಗ ಚೂರಿಯು ಜಾರಿ ಬೀಳುವುದು. "ಕಾಗದ ತಪ್ಪಿದ್ರ ಎರಡು ರೂಪಾಯಿ ಹೋಗತೈತಿ, ತೊಗಲು ತಪ್ಪಿದ್ರ ಒಂದು ಜೀವದ ಚರ್ಮ ಹಾಳಾಗತೈತಿ" ಎಂದು ಅವರು ಮೂರು ಸಲ ಅಳತೆಯನ್ನು ತಿದ್ದಿಸಿದರು.

ತರುವಾಯ ಒಳಗಿನಿಂದ ಎಮ್ಮೆಯ ತೊಗಲಿನ ತುಂಡೊಂದನ್ನು ತಂದಿಟ್ಟರು. ಮೂರು ಮಿಲಿಮೀಟರಿನಷ್ಟು ದಪ್ಪ, ಬೆಲ್ಲದ ಬಣ್ಣ. ನಿಜವನ್ನು ಹೇಳುವುದಾದರೆ, ಅದನ್ನು ಮುಟ್ಟುವ ಮೊದಲು ನಾನು ಉಸಿರು ಬಿಗಿಹಿಡಿದೆನು. ಉಸಿರನ್ನು ಬಿಡಲೇಬೇಕಾಗಿ ಬಂದಾಗ ಮೂಗಿಗೆ ಬಡಿದುದು ದುರ್ಗಂಧವಲ್ಲ. ಬಹಳ ಪರಿಚಯದ, ಒಗರಾದ ಒಂದು ವಾಸನೆ. ಎಲ್ಲಿಯದೆಂದು ಆಗ ಹೊಳೆಯಲಿಲ್ಲ.

ತೊಗಲಿನ ಹದವನ್ನು ಕುರಿತು ಅವರು ಹೇಳಿದುದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ. ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಕೂದಲನ್ನು ಸಡಿಲಿಸಿ ಕೆರೆದು, ಸುಣ್ಣವು ಹೋಗುವಂತೆ ತೊಳೆಯುವರು. ಅನಂತರ ಜಾಲಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಕುಟ್ಟಿ ಹಾಕಿದ ನೀರಿನಲ್ಲಿ ಅದನ್ನು ಅದ್ದಿಡುವರು. ಹಿಂದಿನ ಕಾಲದಲ್ಲಿ ತೊಗಲನ್ನು ಚೀಲದಂತೆ ಹೊಲಿದು, ಆ ರಸವನ್ನೇ ಅದರೊಳಗೆ ತುಂಬಿ, ತೊಲೆಗೆ ತೂಗಹಾಕುತ್ತಿದ್ದರು. ರಸವು ಒಳಗಿನಿಂದ ಹೊರಕ್ಕೆ ಜಿನುಗಿ ತೊಗಲಿನ ಎಳೆಯೆಳೆಯನ್ನೂ ಹಿಡಿಯುತ್ತಿದ್ದಿತು. ಇದಕ್ಕೆ ವಾರಗಳು ಬೇಕು. ಈಗ ಕಾರಖಾನೆಗಳಲ್ಲಿ ಕ್ರೋಮಿಯಂ ಎಂಬ ಲೋಹದ ಲವಣಗಳಿಂದ ಕೆಲವೇ ದಿನಗಳಲ್ಲಿ ಹದಮಾಡುತ್ತಾರೆ. ಆ ತೊಗಲು ಮೃದುವಾಗಿ, ಚೀಲ ಜೋಡುಗಳಿಗೆ ಚೆನ್ನಾಗಿರುತ್ತದೆ. ಆದರೆ ಅದನ್ನು ನೆನೆಯಿಸಿ ಒತ್ತಿದರೆ ಕೊಟ್ಟ ಆಕಾರವನ್ನು ಹಿಡಿದು ನಿಲ್ಲುವುದಿಲ್ಲ. ಒರೆಗೆ ಬೇಕಾದುದು ತೊಗಟೆಯ ಹದದ ತೊಗಲೇ. ಗಜೇಂದ್ರಗಡದ ಈ ಮನೆಯಲ್ಲಿ ಹದಮಾಡುವುದು ಅವರ ಅಜ್ಜನ ಕಾಲಕ್ಕೇ ನಿಂತುಹೋಯಿತಂತೆ; ಈ ತುಂಡು ಅಥಣಿಯ ಕಡೆಯಿಂದ ಬಂದುದು.

ಎರಡನೆಯ ದಿನ ರಂಪಿಗೆಯನ್ನು ಕೈಗೆ ಕೊಟ್ಟರು. ಇದು ಅಗಲವಾದ ಬಾಯುಳ್ಳ, ಸಮಗಾರರ ಕೊಯ್ಯುವ ಸಾಧನ. ಒತ್ತಿ ಎಳೆಯಬಾರದು, ಭಾರವನ್ನು ಅದಕ್ಕೇ ಬಿಟ್ಟು ಸರಿಸಬೇಕು. ನನ್ನ ಮೊದಲನೆಯ ಗೆರೆಯು ಹಾವಿನಂತೆ ಹೋಯಿತು. "ಅವಸರ ಮಾಡಬ್ಯಾಡ್ರಿ. ಅದು ಹೊಂಟ ಕಡೆ ಹೋಗಬಾರದು, ನೀವು ಹೇಳಿದ ಕಡೆ ಬರಬೇಕು" ಎಂದು ಅವರು ನಡುಗುವ ಕೈಯನ್ನೇ ನನ್ನ ಕೈಯ ಮೇಲಿಟ್ಟರು. ನನ್ನ ಕೈಯ ಮೇಲೆ ಊರಿದೊಡನೆ ಆ ಕೈಯ ನಡುಕವು ನಿಂತಿತು. ಗೆರೆಯು ನೆಟ್ಟಗೆ ಬಂದಿತು. ಆಗ ನಾನು ಕೇಳಿದುದು ನೆನಪಿದೆ: "ಇನ್ನ ಮುಂದ ಏನ ಮಾಡ್ಲಿ, ಹೇಳ್ರಿ." ಹಿಂದಿನ ದಿನದ ಏಕವಚನವು ಎಲ್ಲಿ ಹೋಯಿತೋ ನನಗೇ ತಿಳಿಯದು. ಬಹುವಚನವು ಗೌರವದಲ್ಲಿಯೂ ಬರುವುದೆಂದು ವರುಷ ವರುಷವೂ ವ್ಯಾಕರಣದ ಪಾಠದಲ್ಲಿ ಹೇಳಿದವನು ನಾನು. ಅದರ ಪ್ರಯೋಗವನ್ನು ಈ ಚಪ್ಪರದಲ್ಲಿ ಕಲಿತೆನು. ಅವರು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ತೊಗಲನ್ನು ಮಡಿಸಿದರೆ ಎರಡು ಪದರಗಳಾದುವು. ಇವೆರಡನ್ನೇ ಕೂಡಿಸಿ ಹೊಲಿದರಾಗದೆ ಎಂದು ಕೇಳಿದೆನು. ಅವರು ನಕ್ಕು, "ಚೂರಿ ದಿನಾ ಒಳಗ ಹೋಗತೈತಿ, ಹೊರಗ ಬರತೈತಿ. ದಿನಾ ದಾರ ಕೊಯ್ಯತೈತಿ" ಎಂದರು. ಆದುದರಿಂದ ಬಾಯಿಯ ಕಡೆಗೆ, ಎರಡು ಪದರಗಳ ನಡುವೆ ಅದೇ ತೊಗಲಿನ ಸಣ್ಣ ಪಟ್ಟಿಯೊಂದನ್ನು ಇಡಬೇಕು. ಅಲಗಿನ ಬಾಯಿಯು ತಾಗುವುದೇನಿದ್ದರೂ ಆ ಪಟ್ಟಿಗೆ, ದಾರಕ್ಕಲ್ಲ. ಒರೆಯ ಆಯುಷ್ಯವೆಲ್ಲ ಹೊರಗಿನಿಂದ ಕಾಣದ ಈ ಪಟ್ಟಿಯಲ್ಲಿದೆ. ತುದಿಯಲ್ಲಿ ಸಣ್ಣದೊಂದು ಕಿಂಡಿಯನ್ನು ಬಿಟ್ಟರೆ ಒಳಗೆ ಸೇರಿದ ನೀರು ಇಳಿದುಹೋಗುತ್ತದೆ.

ಹೊಲಿಗೆಯ ಸಾಲಿಗೆ ಅಂಗುಲಕ್ಕೆ ಐದರಂತೆ ಗುರುತು ಮಾಡಿ, ಆರಿಯಿಂದ ತೂತು ತೆಗೆಯಬೇಕು. "ಆರಿ ತಗೋರಿ" ಎಂದು ಅವರು ಕೊಟ್ಟ ಚೂಪಾದ ಸಾಧನವನ್ನು ನೋಡುತ್ತ ನಾನು ಕ್ಷಣಕಾಲ ಸುಮ್ಮನಿದ್ದೆನು. ಅಮರಕೋಶದ ಶೂದ್ರವರ್ಗದಲ್ಲಿ 'ಆರಾ' ಎಂಬ ಶಬ್ದವಿದೆ. ತೊಗಲನ್ನು ಚುಚ್ಚುವ ಸಾಧನವೆಂದು ಅದರ ಅರ್ಥ. ಹತ್ತು ವರುಷದವನಾಗಿದ್ದಾಗ ಅದನ್ನು ಬಾಯಿಪಾಠ ಮಾಡಿದ್ದೆನು. ಮುಂದೆ ಹುಡುಗರಿಂದಲೂ ಮಾಡಿಸಿದೆನು. ಐವತ್ತು ವರುಷ ಬಾಯಲ್ಲಿದ್ದ ವಸ್ತುವು ಅಂದು ಮೊದಲ ಸಲ ಕೈಗೆ ಬಂದಿತು. ನನ್ನ ತರಗತಿಯಲ್ಲಿ ಇವರ ಕೇರಿಯಂತಹ ಕೇರಿಗಳ ಮಕ್ಕಳೂ ಇರುತ್ತಿದ್ದರು. ಅವರ ಮನೆಯಲ್ಲಿ ಈ ಸಾಧನವು ಗೂಡಿನಲ್ಲಿಯೇ ಇದ್ದಿರಬೇಕು. ಆ ಶಬ್ದ ಬಂದ ದಿನ ಆ ಹುಡುಗರಲ್ಲಿ ಒಬ್ಬನನ್ನು ಎಬ್ಬಿಸಿ, "ನಾಳೆ ಮನೆಯಿಂದ ತಂದು ಎಲ್ಲರಿಗೂ ತೋರಿಸು" ಎಂದಿದ್ದರೆ ಪಾಠವೂ ಆಗುತ್ತಿದ್ದಿತು, ಆ ಹುಡುಗನ ತಲೆಯೂ ಎತ್ತಿ ನಿಲ್ಲುತ್ತಿದ್ದಿತು. ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ದಿನವೂ ಕೂಗಿದ್ದೇನೆ. ಅವರ ಮನೆಯ ಹೊಸ್ತಿಲನ್ನು ಒಂದು ದಿನವೂ ಕಂಡಿರಲಿಲ್ಲ.

ಮೂರನೆಯ ದಿನ ಹೊಲಿಗೆ. ಮೇಣವನ್ನು ತೀಡಿದ ಒಂದೇ ದಾರ, ಅದರ ಎರಡು ತುದಿಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಅತ್ತಣಿಂದ ಇತ್ತ, ಇನ್ನೊಂದು ಇತ್ತಣಿಂದ ಅತ್ತ ಹೋಗಬೇಕು. ಹೀಗೆ ಹೊಲಿದರೆ ಎಲ್ಲಿಯಾದರೂ ಒಂದು ಹೊಲಿಗೆ ಕಡಿದರೂ ಉಳಿದವು ಬಿಚ್ಚುವುದಿಲ್ಲ. ನಡುಹಗಲಿನಲ್ಲಿ ಅವರ ಹೆಂಡತಿಯು ಬಾಗಿಲಲ್ಲಿ ನಿಂತು, "ಚಾ ಮಾಡ್ಲೇನ್ರಿ? ನಿಮಗ ನಡಿತೈತೋ ಇಲ್ಲೋ..." ಎಂದು ಅರ್ಧಕ್ಕೇ ನಿಲ್ಲಿಸಿದರು. "ನಡೀತದ್ರಿ ಅವ್ವಾರ, ಮಾಡ್ರಿ" ಎಂದೆನು. ಹೇಳಿದ್ದು ಎರಡು ಮಾತು. ಆದರೆ ಅದಕ್ಕೆ ನಾನು ಅರುವತ್ತು ವರುಷ ತೆಗೆದುಕೊಂಡಿದ್ದೆನು. ಒಳಗಿನ ಗೋಡೆಯ ಮೇಲೆ ಶರಣ ಹರಳಯ್ಯನವರ ಚಿತ್ರಪಟವಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದರೆಂಬ ಕಥೆಯನ್ನೂ, ಅವರ ಮಗನಿಗೆ ಮಧುವರಸರ ಮಗಳನ್ನು ತಂದುಕೊಂಡುದಕ್ಕಾಗಿ ಕಲ್ಯಾಣದಲ್ಲಿ ನಡೆದ ಘೋರವನ್ನೂ ಅರಿಯದ ಕನ್ನಡಿಗರಿಲ್ಲ. ಆ ಕಥೆಯನ್ನು ನಾನೂ ಕಣ್ಣು ತುಂಬಿ ಹೇಳಿದವನೇ. ಹೇಳಿ ಮನೆಗೆ ಹೋಗುತ್ತಿದ್ದೆನು, ಅಷ್ಟೆ.

ಹೊಲಿದ ಒರೆಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆಗಳು ಏಳುವುದು ನಿಂತ ಮೇಲೆ ತೆಗೆದು, ಚೂರಿಯನ್ನು ತೂರಿಸಿ, ಹೊರಗಿನಿಂದ ಎಲುಬಿನ ತುಂಡಿನಿಂದ ತೀಡಿದರೆ ತೊಗಲು ಅಲಗಿನ ಅಚ್ಚನ್ನು ಹಿಡಿಯುತ್ತದೆ. ಆದರೆ ಚೂರಿಗೆ ಮೊದಲು ಎಣ್ಣೆ ಸವರಿ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಗಿಯಾಗಿ ಸುತ್ತಬೇಕೆಂದು ಅವರು ಹೇಳಿದ್ದರು. ನಾನು ರಾತ್ರಿ ಮನೆಯಲ್ಲಿ, ಹಾಳೆಯಿಲ್ಲದಿದ್ದರೆ ಅಚ್ಚು ಇನ್ನೂ ಚೆನ್ನಾಗಿ ಬಂದೀತೆಂಬ ಜಾಣತನದಿಂದ, ಅದನ್ನು ಬಿಚ್ಚಿ ಬರಿಯ ಅಲಗನ್ನೇ ಸೇರಿಸಿಟ್ಟೆನು. ಬೆಳಗಾಗುವುದರೊಳಗೆ ಒರೆಯ ಬಾಯಿಯ ಹತ್ತಿರ ನೀಲಿಮಿಶ್ರಿತವಾದ ಕಪ್ಪು ಕಲೆಯೊಂದು ಅಂಗೈಯಗಲ ಹರಡಿದ್ದಿತು, ಅಲಗೂ ಕಪ್ಪಾಗಿದ್ದಿತು.

ತಲೆ ತಗ್ಗಿಸಿಕೊಂಡು ಒಯ್ದು ತೋರಿಸಿದೆನು. ಅವರು ಬೈಯಲಿಲ್ಲ. "ಮಸಿ ಮಾಡಿದ್ರಲ್ರಿ ಮಾಸ್ತರ್ರ!" ಎಂದು ಗಟ್ಟಿಯಾಗಿ ನಕ್ಕರು. ಹಿಂದೆ ತೊಗಲನ್ನು ಕಪ್ಪು ಮಾಡಬೇಕಾದಾಗ ತಾವೂ ತುಕ್ಕು ಹಿಡಿದ ಕಬ್ಬಿಣವನ್ನು ನೀರಿನಲ್ಲಿ ಹಾಕಿಟ್ಟು ಆ ನೀರನ್ನು ಸವರುತ್ತಿದ್ದೆವೆಂದರು. ಆ 'ಮಸಿ' ಎಂಬ ಮಾತಿನಿಂದ ನಾಲ್ಕು ದಿನಗಳಿಂದ ಮೂಗಿನಲ್ಲಿ ಸುಳಿಯುತ್ತಿದ್ದ ವಾಸನೆಯ ಗುರುತು ಸಿಕ್ಕಿತು. ನಮ್ಮ ಅಜ್ಜನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಕದಡಿ ಬರೆಯುವ ಮಸಿಯನ್ನು ಮಾಡಿಕೊಳ್ಳುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಲವಣವೇ. ಅಳಲೆಯ ಒಗರು ಕಬ್ಬಿಣವನ್ನು ಕೂಡಿದರೆ ಕಪ್ಪಾಗುತ್ತದೆ. ದೌತಿಯಲ್ಲಾದರೆ ಅದಕ್ಕೆ ಮಸಿಯೆಂದು ಹೆಸರು, ತೊಗಲಿನ ಮೇಲಾದರೆ ಕಲೆಯೆಂದು ಹೆಸರು. ಮನೆಯಲ್ಲಿದ್ದ ಹಳೆಯ ಕೈಬರಹದ ಹಾಳೆಗಳ ಅಕ್ಷರಗಳೆಲ್ಲ ಈ ಒಗರಿನಿಂದಲೇ ಹುಟ್ಟಿದುವು. ನನ್ನ ವಂಶದ ವಿದ್ಯೆಯೂ ಈ ಮುದುಕರ ವಂಶದ ವಿದ್ಯೆಯೂ ಒಂದೇ ಕಾಯನ್ನು ಕುಟ್ಟಿ ಬಾಳಿದುವು. ಒಂದನ್ನು ದೇವರ ಮನೆಯ ಗೂಡಿನಲ್ಲಿಟ್ಟೆವು, ಇನ್ನೊಂದನ್ನು ಊರ ಹೊರಗಿಟ್ಟೆವು.

ಆ ದಿನ ಮನೆಗೆ ಬಂದಾಗ ನಮ್ಮ ಬೀಗಿತಿಯವರು ಸಾಣೆಕಲ್ಲಿನ ಮೇಲೆ ಹಸುಗೂಸಿಗಾಗಿ ಅಳಲೆಕಾಯಿಯನ್ನು ತೇಯುತ್ತಿದ್ದರು. ಹರೀತಕಿಯನ್ನು ತಾಯಿಗೆ ಸಮವೆಂದು ನಮ್ಮ ವೈದ್ಯರು ಹೊಗಳುವರಷ್ಟೆ. ನಾನು ಒರೆಯನ್ನು ಅವರ ಮುಂದೆ ಹಿಡಿದು, ಇದರಲ್ಲಿಯೂ ಅದೇ ಇದೆ ಎಂದೆನು. ಅವರು ಮುಟ್ಟಲಿಲ್ಲ; ಆದರೆ ಬಗ್ಗಿ ಮೂಸಿ ನೋಡಿದರು. "ಬೀಗರ, ವಾಸನಿ ಒಂದ ಅದ ಖರೆ. ಆದ್ರ ಅದು ಹೊರಗಿನ ಮೊಳಿಗೇ ಇರ್ಲಿ" ಎಂದರು. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದು ವಾರದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆನು.

ಸಂಸ್ಕೃತದಲ್ಲಿ ಒರೆಗೆ ಕೋಶವೆಂದು ಹೆಸರು. ಮೊಗ್ಗೂ ಕೋಶ, ಭಂಡ-ಾರವೂ ಕೋಶ, ಶಬ್ದಗಳ ಸಂಗ್ರಹವೂ ಕೋಶ. ಆತ್ಮಕ್ಕೆ ಅನ್ನಮಯವೇ ಮೊದಲಾದ ಐದು ಕೋಶಗಳುಂಟೆಂದು ತೈತ್ತಿರೀಯದ ಮತ. ಒಳಗಿನ ಬೆಲೆಯುಳ್ಳ ವಸ್ತುವನ್ನು ಹೊರಗಿನ ಹಾನಿಯಿಂದಲೂ, ಹೊರಗಿನವರನ್ನು ಒಳಗಿನ ಹರಿತದಿಂದಲೂ ಕಾಯುವುದು ಒರೆಯ ಧರ್ಮ. ಆದುದರಿಂದಲೇ ಕಬ್ಬಿಣದ ಕೆಲಸವಿರುವಲ್ಲೆಲ್ಲ ಒರೆಯ ಕೆಲಸವೂ ಬೆಳೆದಿದೆ. ಕೊಡವರ ಪೀಚೆಕತ್ತಿಗೆ ಬೆಳ್ಳಿಯ ಕಟ್ಟುಳ್ಳ ಒರೆ. ನೇಪಾಳದ ಕುಕ್ರಿಗೆ ತೊಗಲು ಹೊದಿಸಿದ ಮರದ ಒರೆ. ದೂರದ ಫಿನ್ಲೆಂಡಿನವರು ಪುಕ್ಕೋ ಎಂಬ ಚೂರಿಗೆ ನಾನು ಮಾಡಿದಂತೆಯೇ ತೊಗಲನ್ನು ನೆನೆಯಿಸಿ ಅಚ್ಚೊತ್ತುತ್ತಾರೆ.

ನಮ್ಮಲ್ಲಿ ಈ ಕಸಬು ಕ್ಷೀಣಿಸಿದುದಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಎತ್ತುಗಳ ಬದಲು ಟ್ರ್ಯಾಕ್ಟರುಗಳು ಬಂದುವು. ಮಿಣಿ, ಬಾರುಕೋಲುಗಳು ಬೇಡವಾದುವು. ಪಂಪುಗಳು ಬಂದುವು, ಕಪಿಲೆಯ ತೊಗಲಿನ ಚೀಲವು ಬಾವಿಯ ದಂಡೆಯಿಂದ ಮಾಯವಾಯಿತು. ರಬ್ಬರು ಪ್ಲಾಸ್ಟಿಕ್ಕುಗಳ ಚಪ್ಪಲಿಗಳು ಸಂತೆಯನ್ನು ತುಂಬಿದುವು. ಚರ್ಮೋದ್ಯೋಗದ ಅಭಿವೃದ್ಧಿಗಾಗಿ ಕರ್ನಾಟಕದಲ್ಲಿ ಲಿಡ್ಕರ್ ಎಂಬ ನಿಗಮವು ೧೯೭೬ರಿಂದಲೂ ಇದೆ. ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ಅಥಣಿ ನಿಪ್ಪಾಣಿಗಳ ಕಡೆಯ ಕೈಗಳಿಗೆ ಇದರಿಂದ ಮಾನ ಬಂದಿತು. ಆದರೆ ಗುರುತು ಸಿಕ್ಕುವುದು ವಸ್ತುವಿಗೆ; ಮಾಡಿದವನ ಮನೆಯಲ್ಲಿ ಚಹ ಕುಡಿಯುವುದು ನಾವೇ ಮಾಡಬೇಕಾದ ಕೆಲಸ.

ಗೃಹಸ್ಥರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಒರೆಯನ್ನು ನೆರಳಿನಲ್ಲಿಯೇ ಒಣಗಿಸಬೇಕು. ಬಿಸಿಲಿಗಿಟ್ಟರೆ ತೊಗಲು ಬಿರುಕುಬಿಡುವುದು. ಒಣಗಿದ ಮೇಲೆ ಹರಳೆಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಬೇಕು. ಚೂರಿಯನ್ನು ಒರೆಸದೆ ಒರೆಗೆ ಸೇರಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒರೆಯು ದಾರಿಗೆ ಮತ್ತು ಕೆಲಸದ ವೇಳೆಗೆ. ತಿಂಗಳುಗಟ್ಟಲೆ ಚೂರಿಯನ್ನು ಅದರೊಳಗೇ ಇಟ್ಟರೆ ತೊಗಲು ಹೀರಿದ ತೇವದಿಂದ ಅಲಗು ತುಕ್ಕು ಹಿಡಿಯುವುದು. ಮನೆಯಲ್ಲಿ ಅದನ್ನು ಎಣ್ಣೆ ಸವರಿ ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡತಕ್ಕದ್ದು.

ಹೊರಡುವ ದಿನ ದಕ್ಷಿಣೆಯೆಂದು ಹಣವನ್ನು ಮುಂದಿಟ್ಟಾಗ ಅವರು ತೊಗಲಿನ ಬೆಲೆಯನ್ನು ಮಾತ್ರ ಎಣಿಸಿಕೊಂಡು ಉಳಿದುದನ್ನು ಹಿಂದಕ್ಕೆ ಸರಿಸಿದರು. "ಕಲಿಸಿದ್ದಕ್ಕ ರೊಕ್ಕ ಯಾಕ್ರಿ? ನಮ್ಮ ಹುಡುಗರು ಬಿಟ್ಟದ್ದು ನೀವರೆ ಹಿಡದ್ರಿ" ಎಂದರು. ಕಲೆಯ ಮೇಲೆ ಕಪ್ಪು ಬಣ್ಣವನ್ನು ಬಳಿದು ಮುಚ್ಚಿಬಿಡಲೇ ಎಂದು ಕೇಳಿದರು. ಬೇಡವೆಂದೆನು. ಮೊಮ್ಮಗನ ಅಂಗೈಯ ಗಾಯವು ಮಾಯ್ದು ಅಲ್ಲಿ ಒಂದು ಸಣ್ಣ ಗೆರೆಯುಳಿದಿದೆ. ನನ್ನ ಒರೆಯ ಮೇಲೆ ಈ ಮಸಿಯ ಕಲೆಯಿದೆ. ಎರಡೂ ನನ್ನ ಅಜಾಗರೂಕತೆಯಿಂದ ಆದುವು. ಎರಡನ್ನೂ ಮರೆಯದಿರುವುದೇ ಲೇಸು.